ಕೂದಲು ಒಣಗಿಸುವ ವಿದ್ಯೆಯನ್ನು ಕನ್ನಡದಲ್ಲಿ ಕಲಿಸಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮಳೆಗಾಲದ ಕೇಶ ಆರೈಕೆಯನ್ನು ಕುರಿತು ಪ್ರಕಟವಾದ ಲೇಖನವನ್ನು ಓದಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಗಾಳಿಯಲ್ಲಿ ತೇವ ಏರಿದೊಡನೆ ಕೆದರಿ ನಿಲ್ಲುವ, ಬಾಚಿದಷ್ಟೂ ಉಬ್ಬುವ ಬಿರುಸು ಕೂದಲಿನವರಿಗೆ ಆ ಲೇಖನ ಕೊಟ್ಟಿರುವ ಸಲಹೆಗಳು ಎರಡೇ: ಪಾರ್ಲರ್‌ನಲ್ಲಿ, ರಾಸಾಯನಿಕದಿಂದ ಕೂದಲನ್ನು ನೇರ ಮಾಡುವ ರೀಬಾಂಡಿಂಗ್ ಮಾಡಿಸಿಕೊಳ್ಳುವುದು, ಇಲ್ಲವೇ ಕೆರಾಟಿನ್ ಟ್ರೀಟ್‌ಮೆಂಟ್ ಮಾಡಿಸಿಕೊಳ್ಳುವುದು. ಹೇರ್ ಡ್ರೈಯರ್ ಬಗ್ಗೆ ಅದರಲ್ಲಿದ್ದದ್ದು ಒಂದೇ ವಾಕ್ಯ. ಅದರಿಂದ ಕೂದಲು ಸುಟ್ಟುಹೋಗುತ್ತದೆ, ಆದಷ್ಟು ದೂರವಿಡಿ ಎಂದು. ಹತ್ತು ಸಾವಿರ ರೂಪಾಯಿಯ ರಾಸಾಯನಿಕವನ್ನು ನಿರಾತಂಕವಾಗಿ ಸೂಚಿಸಿ, ಮನೆಯಲ್ಲೇ ಕಲಿತು ಮಾಡಬಹುದಾದ ಕೆಲಸದ ಬಗ್ಗೆ ಭಯ ಹುಟ್ಟಿಸುವ ಈ ರೀತಿ ನನಗೆ ಸರಿಯೆನಿಸಲಿಲ್ಲ.

ನಾನು ಕುಂದಾಪುರದವಳು, ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ನಮ್ಮ ಮನೆಯಲ್ಲಿ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ, ನನ್ನಿಂದ ಮಗಳಿಗೆ ಒಂದೇ ಬಗೆಯ ಕೂದಲು ಇಳಿದು ಬಂದಿದೆ. ದಪ್ಪ, ಅರೆಗುಂಗುರು, ಒಣಗಿದರೆ ತೆಂಗಿನ ನಾರಿನಂತೆ ಬಿರುಸು. ಬಾಲ್ಯದಲ್ಲಿ ನನ್ನ ತಲೆಯನ್ನು ಕಾಗೆ ಗೂಡು ಎಂದು ಕರೆಯದ ಬಂಧುಗಳೇ ಇರಲಿಲ್ಲ. ಅಜ್ಜಿಗೆ ಗೊತ್ತಿದ್ದ ಪರಿಹಾರವೆಂದರೆ ಅಂಗೈ ತುಂಬ ಕೊಬ್ಬರಿ ಎಣ್ಣೆ ಹಚ್ಚಿ, ಹಣೆಯ ಚರ್ಮ ಹಿಂದಕ್ಕೆ ಎಳೆಯುವಷ್ಟು ಬಿಗಿಯಾಗಿ ಎರಡು ಜಡೆ ಹೆಣೆದು, ರಿಬ್ಬನ್ ಕಟ್ಟಿ ಶಾಲೆಗೆ ಕಳುಹಿಸುವುದು. ಆ ಕೂದಲನ್ನು ಬಿಚ್ಚಿ ಬಿಟ್ಟರೆ ಹೇಗೆ ಕಾಣುತ್ತದೆ ಎಂಬುದನ್ನು ನಾನು ನಲವತ್ತಾರನೆಯ ವಯಸ್ಸಿನವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ.

ಮಗಳು ಪಿ.ಯು.ಸಿ. ಮುಗಿಸಿದ ಬೇಸಿಗೆಯಲ್ಲಿ, ಬೆಂಗಳೂರಿನ ಕಾಲೇಜಿಗೆ ಇದೇ ತಲೆ ಹೊತ್ತು ಹೋಗಲಾರೆ ಎಂದು ಹಟ ಹಿಡಿದಾಗ, ನಾನೇ ಅವಳನ್ನು ಒಂದು ಪಾರ್ಲರ್‌ಗೆ ಕರೆದೊಯ್ದು ರೀಬಾಂಡಿಂಗ್ ಮಾಡಿಸಿದೆ. ಮೊದಲ ಮೂರು ತಿಂಗಳು ಅವಳ ಸಂತೋಷಕ್ಕೆ ಪಾರವಿರಲಿಲ್ಲ. ಆಮೇಲೆ ಬುಡದಿಂದ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್‌ನಂತೆ ಹೊಸ ಗುಂಗುರು ಕೂದಲು ಬೆಳೆಯುತ್ತ ಬಂದು, ಮೇಲೆ ಅಲೆ, ಕೆಳಗೆ ಕಡ್ಡಿಯಂತೆ ನೇರ ಎಂಬಂತಾಯಿತು. ಇವೆರಡೂ ಸೇರುವ ಜಾಗದಲ್ಲೇ ಎಳೆಗಳು ಒಂದೊಂದಾಗಿ ತುಂಡಾಗತೊಡಗಿದವು. ವರ್ಷ ತುಂಬುವಷ್ಟರಲ್ಲಿ ಸೊಂಟದವರೆಗೆ ಇದ್ದ ಕೂದಲನ್ನು ಭುಜದ ಮೇಲಕ್ಕೆ ಕತ್ತರಿಸಬೇಕಾಯಿತು. ಹೀಗಾಗಬಹುದೆಂದು ನಮಗೆ ಮೊದಲೇ ಯಾರೂ ಹೇಳಿರಲಿಲ್ಲ. ರಸಾಯನಶಾಸ್ತ್ರ ಕಲಿಸುವ ನಾನೂ ಕೇಳಿರಲಿಲ್ಲ ಎಂಬುದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಏಕೆಂದರೆ ವಿಷಯ ಹತ್ತನೆಯ ತರಗತಿಯ ಮಕ್ಕಳಿಗೂ ವಿವರಿಸಬಹುದಾದಷ್ಟು ಸರಳವಾಗಿದೆ. ಕೂದಲು ಕೆರಾಟಿನ್ ಎಂಬ ಪ್ರೋಟೀನ್. ಅದರ ಎಳೆಗಳನ್ನು ಒಂದಕ್ಕೊಂದು ಕಟ್ಟಿ ಹಿಡಿಯುವ ಬಂಧಗಳಲ್ಲಿ ಗಂಧಕದ ಪರಮಾಣುಗಳ ನಡುವಿನ ಡೈಸಲ್ಫೈಡ್ ಬಂಧ ಗಟ್ಟಿಯಾದದ್ದು, ಹೈಡ್ರೋಜನ್ ಬಂಧ ದುರ್ಬಲವಾದದ್ದು. ರೀಬಾಂಡಿಂಗ್‌ನಲ್ಲಿ ಅಮೋನಿಯಂ ಥಯೋಗ್ಲೈಕೊಲೇಟ್‌ನಂಥ ರಾಸಾಯನಿಕದಿಂದ ಆ ಗಟ್ಟಿ ಬಂಧವನ್ನೇ ಒಡೆದು, ಕಾದ ಇಸ್ತ್ರಿಯಿಂದ ಕೂದಲನ್ನು ನೇರ ಮಾಡಿ, ಮತ್ತೊಂದು ರಾಸಾಯನಿಕದಿಂದ ಬಂಧಗಳನ್ನು ಹೊಸ ಜಾಗದಲ್ಲಿ ಕೂಡಿಸುತ್ತಾರೆ. ಒಡೆದದ್ದೆಲ್ಲವೂ ಮತ್ತೆ ಕೂಡಿಕೊಳ್ಳುವುದಿಲ್ಲ. ಕೆರಾಟಿನ್ ಟ್ರೀಟ್‌ಮೆಂಟ್ ಎಂಬ ಹೆಸರಿನಲ್ಲಿ ಮಾಡುವ ಹಲವು ಉಪಚಾರಗಳಲ್ಲಿ, ದ್ರವ ಹಚ್ಚಿದ ಕೂದಲನ್ನು ಇಸ್ತ್ರಿಯಿಂದ ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಅನಿಲ ಹೊರಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 2004ರಲ್ಲೇ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ವಿಜ್ಞಾನಿಗಳು 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿ 2022ರ ಅಕ್ಟೋಬರ್‌ನಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಕೂದಲು ನೇರಗೊಳಿಸುವ ರಾಸಾಯನಿಕಗಳನ್ನು ಬಳಸದವರಲ್ಲಿ 70 ವರ್ಷ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇ 1.64 ಇದ್ದರೆ, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸುವವರಲ್ಲಿ ಅದು ಶೇ 4.05 ಎಂದು ಅವರು ಅಂದಾಜಿಸಿದ್ದಾರೆ. ಅದು ನಂಟನ್ನು ತೋರಿಸಿದ ಅಧ್ಯಯನವೇ ಹೊರತು ಕಾರಣವನ್ನು ಸಾಬೀತುಪಡಿಸಿದ್ದಲ್ಲ ಎಂಬುದನ್ನು ನಾನು ಬಲ್ಲೆ. ಆದರೂ ಹದಿನೆಂಟರ ಹುಡುಗಿಯರು ಓದುವ ಪುಟದಲ್ಲಿ ಈ ಉಪಚಾರವನ್ನು ಹೊಗಳುವಾಗ ಈ ಮಾತನ್ನು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.

ಡ್ರೈಯರ್‌ನ ಗಾಳಿಯಲ್ಲಿ ಕೂದಲನ್ನು ಒಣಗಿಸುತ್ತಲೇ ಒಪ್ಪಗೊಳಿಸುವ, ಬ್ಲೋ ಡ್ರೈ ಎಂದು ಕರೆಯುವ ಕೆಲಸದಲ್ಲಿ ಗಟ್ಟಿ ಬಂಧಕ್ಕೆ ಯಾರೂ ಕೈ ಹಾಕುವುದಿಲ್ಲ. ಹೈಡ್ರೋಜನ್ ಬಂಧಗಳು ನೀರಿನಲ್ಲಿ ಸಡಿಲಗೊಂಡು, ಕೂದಲು ಒಣಗುವಾಗ ಯಾವ ಆಕಾರದಲ್ಲಿ ಹಿಡಿದಿರುತ್ತೇವೋ ಆ ಆಕಾರದಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಹತ್ತಿ ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಮಾಡಿದರೆ ಮುದುರು ಹೋಗಿ ಗರಿಗರಿಯಾಗುವುದು ಕೂಡ ಇದೇ ಬಂಧದಿಂದ; ಮಳೆಯಲ್ಲಿ ತೊಯ್ದ ಸೀರೆಯ ಇಸ್ತ್ರಿ ಕೆಡುವಂತೆ ತೇವದ ಗಾಳಿಗೆ ಕೂದಲಿನ ರೂಪವೂ ಕೆಡುತ್ತದೆ. ಮುಂದಿನ ತಲೆಸ್ನಾನದವರೆಗೆ ಮಾತ್ರ ಉಳಿಯುತ್ತದೆ ಎನ್ನುವುದನ್ನು ಇದರ ದೋಷವೆಂದು ಹೇಳುವವರಿದ್ದಾರೆ. ನನಗೆ ಅದೇ ಇದರ ಗುಣವೆಂದು ತೋರುತ್ತದೆ, ಏಕೆಂದರೆ ನೀರು ಬಿದ್ದೊಡನೆ ನಮ್ಮ ಕೂದಲು ನಮಗೆ ಮರಳಿ ಸಿಗುತ್ತದೆ.

ಇನ್ನು ಡ್ರೈಯರ್‌ನಿಂದ ಕೂದಲು ಹಾಳಾಗುತ್ತದೆ ಎಂಬ ಮಾತು. ದಕ್ಷಿಣ ಕೊರಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಕೂದಲಿನ ಗೊಂಚಲುಗಳನ್ನು ಮೂವತ್ತು ಸಲ ತೊಳೆದು, ಕೆಲವನ್ನು ತಾವಾಗಿ ಆರಲು ಬಿಟ್ಟು, ಉಳಿದವನ್ನು 15 ಸೆಂ.ಮೀ., 10 ಸೆಂ.ಮೀ. ಮತ್ತು 5 ಸೆಂ.ಮೀ. ದೂರದಿಂದ ಒಣಗಿಸಿದರು, ಆ ದೂರಗಳಲ್ಲಿ ಗಾಳಿಯ ಉಷ್ಣತೆ ಕ್ರಮವಾಗಿ 47, 61 ಮತ್ತು 95 ಡಿಗ್ರಿ ಸೆಲ್ಸಿಯಸ್ ಇತ್ತು. ಉಷ್ಣತೆ ಏರಿದಂತೆ ಕೂದಲಿನ ಮೇಲ್ಮೈಗೆ ಹಾನಿ ಹೆಚ್ಚಾದದ್ದು ನಿಜ. ಆದರೆ ತಾವಾಗಿ ಆರಿದ ಕೂದಲಿನಲ್ಲಿ, ದೀರ್ಘಕಾಲ ನೀರಿನಲ್ಲಿ ಉಬ್ಬಿ ನಿಂತದ್ದರಿಂದಲೋ ಏನೋ, ಒಳಗಿನ ಕೋಶಪೊರೆಗಳ ಬೆಸುಗೆಯೇ ಕೆಟ್ಟಿತ್ತು. ಹದಿನೈದು ಸೆಂಟಿಮೀಟರ್ ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ ಒಣಗಿಸುವುದು ತಾನಾಗಿ ಆರಲು ಬಿಡುವುದಕ್ಕಿಂತ ಕಡಿಮೆ ಹಾನಿಕರ ಎಂದು ಅವರು ಕೊನೆಗೆ ಬರೆದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ದಪ್ಪ ಕೂದಲು ಸಂಜೆಯಾದರೂ ಆರುವುದಿಲ್ಲ; ಒದ್ದೆಯಲ್ಲೇ ಹೆಣೆದ ಜಡೆಯಿಂದ ಬರುವ ಮುಗ್ಗಲು ವಾಸನೆ ಇಲ್ಲಿ ಶಾಲೆಗೆ ಹೋದ ಹುಡುಗಿಯರಿಗೆಲ್ಲ ಪರಿಚಿತ. ಕೆಂಡದ ಮೇಲೆ ಧೂಪ ಉದುರಿಸಿ, ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಬಾಣಂತಿಯ ಕೂದಲನ್ನು ಹರಡಿ ಆರಿಸುತ್ತಿದ್ದ ಅಜ್ಜಿಯರಿಗೆ ಬೆಚ್ಚನೆಯ ಗಾಳಿಯ ಉಪಯೋಗ ಚೆನ್ನಾಗಿಯೇ ತಿಳಿದಿತ್ತು.

ನಾನು ಡ್ರೈಯರ್‌ನಿಂದ ಒಣಗಿಸುವುದನ್ನು ಕಲಿತದ್ದು ಎರಡು ವರ್ಷಗಳ ಹಿಂದೆ, ಮಗಳ ಜೊತೆ ಕುಳಿತು. ಮೊದಲ ತಿಂಗಳು ಮಾಡಿದ್ದೆಲ್ಲ ತಪ್ಪೇ ಆಯಿತು. ನೀರು ತೊಟ್ಟಿಕ್ಕುವ ಕೂದಲಿಗೆ ನೇರವಾಗಿ ಅತಿ ಬಿಸಿ ಗಾಳಿ ಹಿಡಿದದ್ದು ಮೊದಲ ತಪ್ಪು. ತಲೆ ಬಗ್ಗಿಸಿ ಕೆಳಗಿನಿಂದ ಮೇಲಕ್ಕೆ ಊದಿದ್ದು ಎರಡನೆಯದು, ಮತ್ತು ಅದೇ ದೊಡ್ಡದು. ಕೂದಲಿನ ಹೊರಪೊರೆ ನಮ್ಮ ಮನೆಗಳ ಮಂಗಳೂರು ಹಂಚಿನ ಮಾಡಿನಂತೆ ಒಂದರ ಮೇಲೊಂದು ಹಾಸಿದ ಚಿಪ್ಪುಗಳಿಂದ ಆಗಿದೆ. ಚಿಪ್ಪುಗಳ ಅಂಚು ತುದಿಯ ಕಡೆಗಿರುತ್ತದೆ. ಸೂರಿನ ಕೆಳಗಿನಿಂದ ಬೀಸಿದ ಗಾಳಿ ಹಂಚನ್ನು ಎಬ್ಬಿಸುವಂತೆ, ತುದಿಯಿಂದ ಬುಡದ ಕಡೆಗೆ ಊದಿದ ಗಾಳಿ ಈ ಚಿಪ್ಪುಗಳನ್ನು ಎಬ್ಬಿಸುತ್ತದೆ. ಎದ್ದ ಚಿಪ್ಪುಗಳು ಒಂದಕ್ಕೊಂದು ತೊಡರುತ್ತವೆ, ಬೆಳಕನ್ನು ಚದುರಿಸಿ ಹೊಳಪು ಕೆಡಿಸುತ್ತವೆ. ಆದ್ದರಿಂದ ಗಾಳಿ ಯಾವಾಗಲೂ ಬುಡದಿಂದ ತುದಿಯ ಕಡೆಗೆ, ಮೇಲಿನಿಂದ ಕೆಳಕ್ಕೆ ಇಳಿಯಬೇಕು. ಈ ಒಂದು ಸಂಗತಿ ತಿಳಿದ ದಿನವೇ ನನ್ನ ಕೂದಲಿನ ಕೆದರು ಅರ್ಧಕ್ಕೆ ಇಳಿಯಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಕೆಲಸ ಶುರುವಾಗುವುದು ಡ್ರೈಯರ್ ಹಿಡಿಯುವುದಕ್ಕೆ ಮುಂಚೆ, ಬಚ್ಚಲಿನಲ್ಲೇ. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುವುದನ್ನು ನಾನು ಬಿಟ್ಟಿಲ್ಲ. ಭಾರತದ ಸಂಶೋಧಕರೇ 2003ರಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಹೋಲಿಸಿ, ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ ಎಂದು ತೋರಿಸಿದ್ದಾರೆ. ಆದರೆ ಆ ಎಣ್ಣೆಯನ್ನು ಶಾಂಪೂ ಅಥವಾ ಸೀಗೆಯಿಂದ ಚೆನ್ನಾಗಿ ತೆಗೆಯಬೇಕು, ಎಣ್ಣೆ ಉಳಿದ ಕೂದಲು ಜಿಡ್ಡಾಗಿ ಅಂಟಿಕೊಳ್ಳುತ್ತದೆ. ಮೈ ಸಾಬೂನನ್ನು ತಲೆಗೆ ಹಾಕಲೇಬಾರದು. ಅದರ ಕ್ಷಾರಕ್ಕೆ ಹೊರಪೊರೆ ತೆರೆದುಕೊಳ್ಳುತ್ತದೆ. ಕಂಡೀಷನರ್ ಅನ್ನು ನೆತ್ತಿಗೆ ಹಚ್ಚದೆ ಕಿವಿಯಿಂದ ಕೆಳಗಿನ ಭಾಗಕ್ಕೆ ಹಚ್ಚಿ, ಅದು ಕೂದಲಿನಲ್ಲಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಬೇಕು. ನಮ್ಮಲ್ಲಿ ಬುಡದಿಂದ ಕೆಳಕ್ಕೆ ಎಳೆದು ಬಾಚುವ ರೂಢಿಯಿದೆ. ಒದ್ದೆ ಕೂದಲು ಹೆಚ್ಚು ಹಿಗ್ಗುವುದರಿಂದ ಬೇಗ ತುಂಡಾಗುತ್ತದೆ. ಆದ್ದರಿಂದ ತುದಿಯ ಸಿಕ್ಕನ್ನು ಮೊದಲು ಬಿಡಿಸಿ, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗುವುದು ಲೇಸು. ಪಂಚೆಯಿಂದ ಕೂದಲನ್ನು ಪಟಪಟನೆ ಬಡಿದು ಆರಿಸುವುದನ್ನೂ ದಪ್ಪ ಟವೆಲ್‌ನಿಂದ ಉಜ್ಜುವುದನ್ನೂ ನಾನು ಸಂಪೂರ್ಣವಾಗಿ ನಿಲ್ಲಿಸಿದ್ದೇನೆ. ಹಳೆಯ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒತ್ತಿ ನೀರು ಹೀರಿಸಿದರೆ ಸಾಕು.

ಆಮೇಲೆ ಶಾಖದಿಂದ ರಕ್ಷಿಸುವ ಕ್ರೀಮನ್ನೋ ಸ್ಪ್ರೇಯನ್ನೋ ಮಿತವಾಗಿ ಹಚ್ಚಿ, ಮಧ್ಯಮ ಬಿಸಿಯಲ್ಲಿ ಬೆರಳುಗಳಿಂದಲೇ ಬಿಡಿಸುತ್ತ, ಬುಡದ ಕಡೆ ಮೊದಲು, ಮುಕ್ಕಾಲು ಪಾಲು ಒಣಗಿಸಬೇಕು. ಡ್ರೈಯರ್ ಜೊತೆ ಬರುವ ಚಪ್ಪಟೆ ಬಾಯಿಯ ನಾಝಲ್ ಅನ್ನು ಹೆಚ್ಚಿನವರು ಡಬ್ಬದಲ್ಲೇ ಬಿಡುತ್ತಾರೆ. ಗಾಳಿಯನ್ನು ಒಂದೇ ದಿಕ್ಕಿಗೆ ಹರಿಸುವುದು ಅದೇ. ಕೂದಲನ್ನು ನಾಲ್ಕು ಪಾಲು ಮಾಡಿ ಕ್ಲಿಪ್ ಹಾಕಿ, ಕತ್ತಿನ ಬುಡದಿಂದ ಒಂದೊಂದೇ ಪದರವನ್ನು ಇಳಿಸಿಕೊಳ್ಳುತ್ತ ಹೋಗಬೇಕು. ಒಂದು ಸಲಕ್ಕೆ ತೆಗೆದುಕೊಳ್ಳುವ ಕೂದಲು ಬ್ರಷ್‌ನ ಅಗಲಕ್ಕಿಂತ ಹೆಚ್ಚಿರಕೂಡದು. ಬೇಗ ಮುಗಿಸುವ ಆಸೆಗೆ ದೊಡ್ಡ ಗೊಂಚಲನ್ನು ಹಿಡಿದ ದಿನಗಳಲ್ಲಿ, ಹೊರಗಡೆ ಒಣಗಿ ಒಳಗಡೆ ಹಸಿಯಾಗಿ ಉಳಿದ ಕೂದಲು, ಬಾಗಿಲು ದಾಟುವಷ್ಟರಲ್ಲಿ ಮತ್ತೆ ಉಬ್ಬಿದ್ದನ್ನು ನಾನು ಕಂಡಿದ್ದೇನೆ. ಬ್ರಷ್ ಅನ್ನು ಬುಡಕ್ಕೆ ಕೊಟ್ಟು, ಹದವಾದ ಬಿಗಿಯಲ್ಲಿ ತುದಿಯವರೆಗೆ ಎಳೆಯುತ್ತ, ಅದರ ಹಿಂದೆಯೇ ನಾಝಲ್ ಅನ್ನು ಇಳಿಸಬೇಕು. ಆರಂಭದಲ್ಲಿ ದುಂಡು ಬ್ರಷ್ ಬೇಡ. ಅದು ನನ್ನ ಕೂದಲಿನಲ್ಲಿ ಸುತ್ತಿಕೊಂಡು ಬಿಡಿಸಲು ಅರ್ಧ ಗಂಟೆ ಹಿಡಿದಿತ್ತು. ಚಪ್ಪಟೆ ಬ್ರಷ್‌ನಲ್ಲಿ ಕೈ ಪಳಗಿದ ಮೇಲೆ ದುಂಡಿಗೆ ಬರುವುದು ಒಳ್ಳೆಯದು.

ಒಂದು ಪದರ ಒಣಗಿದೊಡನೆ ಡ್ರೈಯರ್‌ನ ತಣ್ಣನೆಯ ಗಾಳಿಯ ಗುಂಡಿಯನ್ನು ಒತ್ತಿ ಹತ್ತು ಸೆಕೆಂಡು ಹಿಡಿಯಬೇಕು. ಬಿಸಿಯಲ್ಲಿ ಕೂದಲು ಇನ್ನೂ ಬಾಗುವ ಸ್ಥಿತಿಯಲ್ಲಿರುತ್ತದೆ, ತಣ್ಣಗಾದಾಗ ಮಾತ್ರ ರೂಪ ನಿಲ್ಲುತ್ತದೆ. ಎಲ್ಲ ಮುಗಿದು ತಲೆ ಪೂರ್ತಿ ತಣ್ಣಗಾದ ಮೇಲೆ ಎರಡು ಹನಿ ಸೀರಮ್ ಅನ್ನು ಅಂಗೈಯಲ್ಲಿ ಉಜ್ಜಿ ತುದಿಗಳಿಗೆ ಸವರಿದರೆ ತೇವದ ಗಾಳಿಗೆ ಒಂದು ತಡೆಯಾಗುತ್ತದೆ. ನನಗೆ ಮೊದಲ ಸಲ ಒಂದೂಕಾಲು ಗಂಟೆ ಹಿಡಿಯಿತು, ತೋಳು ಸೋತು ನಡುನಡುವೆ ಕುಳಿತುಕೊಳ್ಳಬೇಕಾಯಿತು. ಎಡಗಡೆಯ ಕೂದಲಿಗೆ ಬ್ರಷ್ ಎಡಗೈಗೆ, ಬಲಗಡೆಗೆ ಬಲಗೈಗೆ ಎಂದು ಕೈ ಬದಲಾಯಿಸುವುದು ರೂಢಿಯಾಗಲು ಆರು ವಾರ ಬೇಕಾದವು. ಈಗ ಮೂವತ್ತೈದು ನಿಮಿಷಗಳಲ್ಲಿ ಮುಗಿಯುತ್ತದೆ. ಚಕ್ಕುಲಿ ಒತ್ತುವುದನ್ನು, ಹೂ ಕಟ್ಟುವುದನ್ನು ಕೈ ಹೇಗೆ ಕಲಿಯುತ್ತದೆಯೋ ಇದನ್ನೂ ಹಾಗೆಯೇ ಕಲಿಯುತ್ತದೆ. ವಾರಕ್ಕೆ ಒಂದೇ ಸಲ ಮಾಡುತ್ತೇನೆ. ದಿನವೂ ಮಾಡಬೇಕಾದ ಕೆಲಸ ಇದಲ್ಲ.

ಗುಂಗುರನ್ನು ನೇರ ಮಾಡಲೇಬೇಕೆಂದು ನಾನು ಹೇಳುತ್ತಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಮುಂಗುರುಳು ಎಂಬ ಮಾತನ್ನು ಅಷ್ಟು ಅಕ್ಕರೆಯಿಂದ ಬಳಸುವ ಭಾಷೆ ನಮ್ಮದು. ಅದೇ ಗುಂಗುರು ತಲೆ ತುಂಬ ಇದ್ದರೆ ಮಾತ್ರ ಏಕೆ ಅವಮಾನವಾಯಿತೋ ನನಗೆ ತಿಳಿಯದು. ಮಗಳು ಈಗ ತನ್ನ ಕೂದಲನ್ನು ನೇರ ಮಾಡಿಕೊಳ್ಳುವುದೇ ಇಲ್ಲ. ಒದ್ದೆ ಕೂದಲಿಗೆ ಕ್ರೀಮ್ ಹಚ್ಚಿ, ಬೆರಳುಗಳಿಂದ ಸುರುಳಿಗಳನ್ನು ಹಿಸುಕಿ, ಬಟ್ಟಲಿನಂಥ ಡಿಫ್ಯೂಸರ್ ಸಿಕ್ಕಿಸಿದ ಡ್ರೈಯರ್‌ನಿಂದ ಕಡಿಮೆ ವೇಗದಲ್ಲಿ, ಬ್ರಷ್ ಮುಟ್ಟಿಸದೆ ಒಣಗಿಸಿಕೊಳ್ಳುತ್ತಾಳೆ. ಸುರುಳಿಗಳು ಒಂದೊಂದೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ನೋಡಲು ನನ್ನದಕ್ಕಿಂತ ಅವಳದ್ದೇ ಚೆನ್ನ ಎಂದು ನಾನು ಒಪ್ಪಿಕೊಂಡಿದ್ದೇನೆ.

ಅವಳ ಬೆಂಗಳೂರಿನ ಹಾಸ್ಟೆಲ್‌ನಲ್ಲಿ ಬರುವುದು ಕೊಳವೆಬಾವಿಯ ಗಡಸು ನೀರು. ಅಂಥ ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕೂದಲಿನ ಮೇಲೆ ಕುಳಿತು ಅದನ್ನು ಮತ್ತಷ್ಟು ಬಿರುಸು ಮಾಡುತ್ತವೆ. ಕೊನೆಯ ಎರಡು ಚೊಂಬು ಮೆದು ನೀರು ಹುಯ್ದುಕೊಂಡರೂ ವ್ಯತ್ಯಾಸ ಕಾಣುತ್ತದೆ ಎಂದು ಅವಳು ಹೇಳುತ್ತಾಳೆ.

ವಿದ್ಯುತ್ತಿನ ವಿಷಯವನ್ನು ಮಾತ್ರ ಯಾವ ಸೌಂದರ್ಯ ಪುಟದಲ್ಲೂ ನಾನು ಓದಿಲ್ಲ, ಅದಕ್ಕಾಗಿ ಇಲ್ಲಿ ಒತ್ತಿ ಹೇಳುತ್ತೇನೆ. ಅಂಗಡಿಗಳಲ್ಲಿ 2000 ವ್ಯಾಟ್‌ನ ಡ್ರೈಯರ್‌ಗಳು ಸಿಗುತ್ತವೆ. 230 ವೋಲ್ಟ್‌ನಲ್ಲಿ ಅದು ಸುಮಾರು 8.7 ಆಂಪಿಯರ್ ಎಳೆಯುತ್ತದೆ. ನಮ್ಮ ಮಲಗುವ ಕೋಣೆಗಳಲ್ಲಿರುವ ಚಿಕ್ಕ ಸಾಕೆಟ್ 6 ಆಂಪಿಯರ್‌ನದು. ಅದಕ್ಕೆ, ಅಥವಾ ಅದರಿಂದ ಎಳೆದ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಇದನ್ನು ಸಿಕ್ಕಿಸಿದರೆ ತಂತಿ ಕಾದು ಪ್ಲಗ್ ಕರಗಬಹುದು. ಒಂದೋ 16 ಆಂಪಿಯರ್‌ನ ದೊಡ್ಡ ಸಾಕೆಟ್ ಬಳಸಬೇಕು, ಇಲ್ಲವೇ 1200 ವ್ಯಾಟ್‌ನ ಡ್ರೈಯರ್ ಕೊಳ್ಳಬೇಕು. ಮನೆಯ ಉಪಯೋಗಕ್ಕೆ ಅದು ಧಾರಾಳವಾಗಿ ಸಾಕು. ಬಚ್ಚಲಿನಲ್ಲಿ, ಒದ್ದೆ ಕೈಯಲ್ಲಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಇದನ್ನು ಮುಟ್ಟಲೇಬಾರದು. ಹಿಂಬದಿಯ ಜಾಲರಿಯಲ್ಲಿ ಧೂಳು, ಕೂದಲು ಕಟ್ಟಿಕೊಂಡರೆ ಗಾಳಿ ಕಡಿಮೆಯಾಗಿ ಒಳಗಿನ ಸುರುಳಿ ವಿಪರೀತ ಕಾಯುತ್ತದೆ. ತಿಂಗಳಿಗೊಮ್ಮೆ ಪ್ಲಗ್ ತೆಗೆದು ಒಣ ಬ್ರಷ್‌ನಿಂದ ಅದನ್ನು ಗುಡಿಸಬೇಕು.

ಇಷ್ಟನ್ನೂ ನಾನು ಕಲಿತದ್ದು ಮಗಳು ಇಂಗ್ಲಿಷಿನಲ್ಲಿ ಓದಿ ಹೇಳಿದ್ದರಿಂದ. ನಾನು ಕೊಂಡ ಡ್ರೈಯರ್‌ನ ಡಬ್ಬದಲ್ಲಿದ್ದ ಕೈಪಿಡಿಯಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ನಮ್ಮ ಬೀದಿಯಲ್ಲೇ ಗೇರುಬೀಜದ ಕಾರ್ಖಾನೆಗೆ ಹೋಗುವ, ಅಂಗಡಿಗಳಲ್ಲಿ ದುಡಿಯುವ ಹುಡುಗಿಯರ ಕೈಯಲ್ಲಿ ಈಗ ಡ್ರೈಯರ್ ಇದೆ. ಅದನ್ನು ಹೇಗೆ ಹಿಡಿಯಬೇಕೆಂದು ಹೇಳುವವರಿಲ್ಲ. ಕೂದಲು ಕೆಟ್ಟಾಗ ಅವರು ಎರಡು ತಿಂಗಳ ಉಳಿತಾಯವನ್ನು ಸುರಿದು ರೀಬಾಂಡಿಂಗ್‌ಗೆ ಹೋಗುತ್ತಾರೆ. ಐ.ಟಿ.ಐ.ಗಳಲ್ಲಿ ಕಾಸ್ಮೆಟಾಲಜಿ, ಅಂದರೆ ಸೌಂದರ್ಯ ಆರೈಕೆಯ ತರಬೇತಿ ಪಡೆದವರು ನಮ್ಮ ಜಿಲ್ಲೆಗಳಲ್ಲೇ ಇದ್ದಾರೆ. ಅಂಥವರಿಂದ ಬರೆಸಿದರೆ ನನಗಿಂತ ಎಷ್ಟೋ ಚೆನ್ನಾಗಿ ಹೇಳಬಲ್ಲರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಪುರವಣಿಯ ಒಂದು ಪೂರ್ತಿ ಪುಟವನ್ನು ಈ ಮಳೆಗಾಲ ಮುಗಿಯುವುದರೊಳಗೆ ಮನೆಯಲ್ಲೇ ಕೂದಲು ಒಣಗಿಸಿ ಒಪ್ಪಗೊಳಿಸುವ ಕ್ರಮಕ್ಕೆ ಮೀಸಲಿಡಿ. ರಾಸಾಯನಿಕ ಉಪಚಾರಗಳ ಬಗ್ಗೆ ಬರೆಯುವಾಗ ಅವುಗಳಲ್ಲಿ ಏನಿದೆ, ಎಷ್ಟು ತಿಂಗಳಲ್ಲಿ ಏನಾಗುತ್ತದೆ ಎಂಬುದನ್ನೂ ಜೊತೆಗೇ ಅಚ್ಚು ಮಾಡಿ. ಚಿತ್ರಗಳಲ್ಲಿ ಹುಟ್ಟಿನಿಂದಲೇ ನೇರ ಕೂದಲಿರುವ ರೂಪದರ್ಶಿಯರ ಬದಲು ನಮ್ಮಂಥ ದಪ್ಪ, ಬಿರುಸು ಕೂದಲಿನ ಹೆಂಗಸೊಬ್ಬರು ತಮ್ಮ ಕೈಯಿಂದಲೇ ಮಾಡಿಕೊಳ್ಳುತ್ತಿರುವುದು ಕಾಣಲಿ. ಹಿಂದಲೆಯ ಭಾಗವನ್ನು ಬಿಡದೆ, ಕೂದಲನ್ನು ಭುಜದ ಮೇಲಿಂದ ಮುಂದಕ್ಕೆ ತಂದುಕೊಳ್ಳುವುದು, ಮೊಣಕೈಯನ್ನು ಎಲ್ಲಿ ಊರುವುದು, ಕನ್ನಡಿಯನ್ನು ಎಲ್ಲಿ ಇಡುವುದು ಎಂಬುದನ್ನೆಲ್ಲ ಒಂದೊಂದು ಚಿತ್ರದಲ್ಲಿ ತೋರಿಸಿ. ಹೆಚ್ಚಿನವರು ಬೇಸತ್ತು ಡ್ರೈಯರ್ ಕೆಳಗಿಡುವುದು ಆ ಜಾಗಕ್ಕೆ ಬಂದಾಗಲೇ.

ಇಂತಿ,
ತಮ್ಮ ವಿಶ್ವಾಸಿ,
ಓರ್ವ ಶಿಕ್ಷಕಿ, ಕುಂದಾಪುರ